ಬನಹಟ್ಟಿ ಮಗ್ಗದ ಮೇಲೆ ಚೀನಾದ ಎಳೆ

ಜಮಖಂಡಿ ಬಿಟ್ಟ ಬಸ್ಸಿನ ಕಿಟಕಿಯಾಚೆ ಕಬ್ಬೇ ಕಬ್ಬು. ಮುಧೋಳಕ್ಕೆ ಹೋಗಿ, ಬೀಳಗಿಗೆ ಹೋಗಿ, ನೋಟ ಹೆಚ್ಚು ಬದಲಾಗದು. ಬನಹಟ್ಟಿ ಬಂತೆಂದು ತಿಳಿಯುವುದು ಮಾತ್ರ ಕಿವಿಗೆ. ಓಣಿ ಓಣಿಯಲ್ಲೂ ಪಾವರ್‌ಲೂಮಿನ ಖಟಖಟ. ಮೊದಲು ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ, ಪಕ್ಕದ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಎರಡೂ ಕಡೆ ಆಳಿದವರು ಪಟವರ್ಧನ ಮನೆತನದವರೇ, ಗಾದಿ ಮಾತ್ರ ಬೇರೆ. ಈಗ ಎರಡಕ್ಕೂ ಒಂದೇ ನಗರಸಭೆ, ಒಂದೇ ಕಸುಬು.

ನಾನು ಇಲ್ಲಿ ಹುಡುಕುತ್ತಿದ್ದದ್ದು ಚೀನಾವನ್ನು. ಅದು ಸಿಕ್ಕಿದ್ದು ಒಂದು ಮಗ್ಗದ ಮನೆಯ ಮೂಲೆಯಲ್ಲಿ, ಕಂಡಿಕಿ ಸುತ್ತುತ್ತಿದ್ದ ಅಜ್ಜಿಯ ಬೆರಳ ಸಂದಿಯಲ್ಲಿ. ದಾಳಿಂಬೆ ಕೆಂಪಿನ ಎಳೆ, ಕೂದಲಿಗಿಂತ ಸಣ್ಣದು. "ಎಲ್ಲಿಯ ರೇಷ್ಮೆ ಅಜ್ಜೀ?" ಅಂದೆ. "ಬೆಂಗಳೂರಿಂದ ಬರ್ತೈತಿ ತಮ್ಮಾ. ಚೀನಾದ್ದಂತ" ಎಂದು ಎಳೆಯನ್ನು ಹಲ್ಲಿನಿಂದ ಕಡಿದು ಗಂಟು ಹಾಕಿದಳು.

ಇಲ್ಲಿ ನೇಯುವ ಇಳಕಲ್ ಮಾದರಿಯ ಸೀರೆಗೆ ಒಡಲು ಹತ್ತಿಯದು. ದಡಿ, ಸೆರಗಿಗೆ ರೇಷ್ಮೆ ಬೇಕು, ಇಲ್ಲವೇ ಚಮಕಾ ಎಂದು ಇಲ್ಲಿಯವರು ಕರೆಯುವ ಕೃತಕ ರೇಷ್ಮೆ. ಕೈಮಗ್ಗದಲ್ಲಿ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಆಮೇಲೆ ಟೋಪು ತೆನಿ ವಿನ್ಯಾಸದ ಸೆರಗು. ಪಾವರ್‌ಲೂಮಿಗೆ ಅಷ್ಟು ತಾಳ್ಮೆಯಿಲ್ಲ. ಅದಕ್ಕೆ ಬೇಕಾದದ್ದು ಉದ್ದಕ್ಕೂ ಒಂದೇ ದಪ್ಪ ಇರುವ, ತುಂಡಾಗದ ನೂಲು. ನಮ್ಮ ಚರಕದ ರೇಷ್ಮೆ ಸೋಲುವುದು ಅಲ್ಲಿಯೇ. ಜಗತ್ತಿನ ರೇಷ್ಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾದ್ದು, ಎರಡನೆಯ ಜಾಗ ನಮ್ಮದು, ನಮ್ಮಲ್ಲಿ ಕರ್ನಾಟಕವೇ ಮುಂದು. ಆದರೂ ನಮಗೆ ಹೊರಗಿನಿಂದ ಬರುವ ಕಚ್ಚಾ ರೇಷ್ಮೆಯ ಬಹುಪಾಲು ಚೀನಾದ್ದೇ. ಚೀನಾ ಮಾಲು ಬಹಿಷ್ಕರಿಸಿ ಎಂದು ಕೂಗುವವರು ಒಮ್ಮೆ ಈ ಓಣಿಗೆ ಬಂದು ದಡಿಗೆ ಏನು ಹಾಕಬೇಕೆಂದು ಹೇಳಿ ಹೋಗಲಿ.

ಆ ದೇಶದಲ್ಲೂ ಒಂದು ಬನಹಟ್ಟಿ ಇದೆ. ಸುಝೌ ನಗರದ ಆಡಳಿತಕ್ಕೆ ಸೇರಿದ ಶೆಂಗ್‌ಝೆ, ನೂರಾರು ವರ್ಷಗಳಿಂದ ರೇಷ್ಮೆ ವ್ಯಾಪಾರದ ಊರು. ಅಲ್ಲಿ ರೇಷ್ಮೆಹುಳುವಿನ ದೇವತೆಗೆ ಗುಡಿಯಿದೆ. ಮೇ ತಿಂಗಳ ಕೊನೆಯ ಹೊತ್ತಿಗೆ, ಹೊಸ ಗೂಡು ಬರುವ ಕಾಲಕ್ಕೆ, ಗುಡಿಯ ಮುಂದೆ ಮೂರು ದಿನ ಹಾಡು-ನಾಟಕ ಆಡಿಸುವುದು ಹಳೆಯ ಪದ್ಧತಿ. ಸಾವು-ನೋವಿನ ಕಥೆ ಮಾತ್ರ ಆಡುವಂತಿಲ್ಲ. ಕೃಷ್ಣ ಪಾರಿಜಾತ ಆಟದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಾತ್ರೆಯೆಂದರೆ ಬನಹಟ್ಟಿಯ ಕಾಡಸಿದ್ಧೇಶ್ವರನೂ ಹಾಡು-ಆಟ ಕೇಳುವವನೇ. ಹುಳು ಸಾಕುವ ತಿಂಗಳಲ್ಲಿ ಚೀನಾದ ಆ ಭಾಗದ ಹಳ್ಳಿಗಳು ಬಾಗಿಲು ಮುಚ್ಚಿಕೊಳ್ಳುತ್ತಿದ್ದವು. ನೆಂಟರಿಗೂ ಒಳಗೆ ಪ್ರವೇಶವಿರಲಿಲ್ಲ. ರಾಮನಗರದ ಕಡೆಯ ಸಾಕಣೆ ಮನೆಗಳೂ ಹೊರಗಿನವರನ್ನು ಒಳಗೆ ಬಿಡಲು ಹಿಂದೆಮುಂದೆ ನೋಡುತ್ತವೆ. ಅಲ್ಲಿನ ದೇವತೆಯ ಕೋಪವೂ ಇಲ್ಲಿನ ಹುಳುರೋಗದ ಭಯವೂ ಮಾಡಿಸುವ ಕೆಲಸ ಒಂದೇ.

ಈಗ ನಾನು ಚೀನಾದವರ ಬಗ್ಗೆ ಬರೆಯುತ್ತಿದ್ದೇನೆ; ಒಂದು ಕಾಲದಲ್ಲಿ ಪರಿಚಯ ಬರೆದವರು ಅವರು, ಬರೆಸಿಕೊಂಡವರು ನಾವು. 7ನೇ ಶತಮಾನದಲ್ಲಿ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಇಮ್ಮಡಿ ಪುಲಕೇಶಿಯ ರಾಜ್ಯ ನೋಡಿ, ಈ ಜನ ಉಪಕಾರ ಮರೆಯರು, ಅವಮಾನ ಸಹಿಸರು ಎಂಬರ್ಥದಲ್ಲಿ ಬರೆದ. ಸೋತ ಸೇನಾಪತಿಗೆ ಶಿಕ್ಷೆಯಿಲ್ಲ, ಹೆಣ್ಣುಡುಗೆ ಕೊಡುತ್ತಾರೆ. ಯುದ್ಧಕ್ಕೆ ಮುನ್ನ ಆನೆಗಳಿಗೆ ಮದ್ಯ ಕುಡಿಸುತ್ತಾರೆ ಎಂದೂ ಬರೆದ. ಪುಲಕೇಶಿಯ ಬಾದಾಮಿ ಇದೇ ಬಾಗಲಕೋಟೆ ಜಿಲ್ಲೆಯದು. ಆ ಸೇನಾಪತಿಗೆ ಕೊಟ್ಟ ಸೀರೆಯ ದಡಿ ಯಾವುದಿತ್ತೋ, ಅದನ್ನು ಮಾತ್ರ ಆತ ಬರೆದಿಲ್ಲ.

ಹೊರಡುವಾಗ ಮಗ್ಗದ ಯಜಮಾನರು ಬಾಗಿಲ ತನಕ ಬಂದರು. ಶೆಂಗ್‌ಝೆಯ ಸುದ್ದಿ ಅವರಿಗೆ ಹಿಡಿಸಿತ್ತು, ಗುಡಿ-ನಾಟಕಕ್ಕಾಗಿ ಅಲ್ಲ. "ಅಲ್ಲಿ ಒಬ್ಬ ಎಷ್ಟು ಮಗ್ಗ ನೋಡಿಕೋತಾನ್ರಿ?" ನೀರಿನ ರಭಸದಿಂದಲೇ ಹೊಕ್ಕಿನ ಎಳೆ ಹಾಯಿಸುವ, ಲಾಳಿಯೇ ಇಲ್ಲದ ಯಂತ್ರಗಳ ಸಾಲನ್ನು ಒಬ್ಬರೇ ನೋಡಿಕೊಳ್ಳುತ್ತಾರೆ ಎಂದೆ. ಅವರು ತಮ್ಮ ಮಗ್ಗದತ್ತ ಒಮ್ಮೆ ತಿರುಗಿ, "ಲಾಳಿ ಇಲ್ಲಂದ್ರ ಸದ್ದೂ ಕಡಿಮಿ ಇರಬೇಕಲ್ರಿ" ಅಂದವರೇ, ಮುಂದಿನ ಪ್ರಶ್ನೆ ಕೇಳಿದರು: "ಕೂಲಿ ಎಷ್ಟಂತ್ರೀ ಅವರಿಗೆ?"