ಹಳೆಯ ಹಾರ್ಡ್ ಡಿಸ್ಕೂ ಪಂಕ್ತಿಯ ಊಟವೂ

ಕಳೆದ ವರ್ಷ ನಮ್ಮ ಸಾಹಿತ್ಯ ಕೂಟಕ್ಕೆ ಒಂದು ಹಳೆಯ ಕಂಪ್ಯೂಟರ್ ಬಂತು. ತೀರಿಹೋದ ಕನ್ನಡ ಮೇಷ್ಟ್ರೊಬ್ಬರದು. "ಇಲ್ಲಿನ ಕನ್ನಡದ ಮನೆಗಳಲ್ಲಿ ಆಡುವ ಮಾತುಗಳನ್ನು ವರ್ಷಗಟ್ಟಲೆ ಇದರೊಳಗೆ ಕೂಡಿಸ್ತಿದ್ರು. ತೆಗೆಯೋಕಾದ್ರೆ ತೆಗೀರಿ" ಎಂದು ಅವರ ಮನೆಯವರು ಕೊಟ್ಟರು. ಹಚ್ಚಿದೆವು. ಡಿಸ್ಕು ಗುರ್ರೆಂದಿತು, ಪಟ್ಟಿಯೂ ಕಂಡಿತು. ಆದರೆ ಒಂದು ಫೈಲು ತೆರೆಯುವುದರೊಳಗೆ ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬರಬಹುದಾಗಿತ್ತು. "ಡಿಸ್ಕು ಸಾಯ್ತಾ ಇದೆ, ಫಾರ್ಮ್ಯಾಟ್ ಮಾಡಿಬಿಡೋಣ" ಎಂದ ನಮ್ಮಲ್ಲೊಬ್ಬ. ಪುಣ್ಯಕ್ಕೆ ಇನ್ನೊಬ್ಬಳು ಅವನ ಕೈ ಹಿಡಿದಳು. ಡಿಸ್ಕು ಸಾಯುತ್ತಿರಲಿಲ್ಲ, ಅದರ ಕಾರ್ಡಿಗೂ ಅದಕ್ಕೂ ತಾಳ ತಪ್ಪಿತ್ತು, ಅಷ್ಟೆ. ಆ ತಾಳದ ವಿಷಯವೇ ಈ ಲೇಖನ.

ಐಬಿಎಂ ಕಂಪನಿ 1978ರಲ್ಲಿ ಭಾರತ ಬಿಟ್ಟಿತ್ತು. ಹಾಗಾಗಿ 1980ರ ದಶಕದಲ್ಲಿ ನಮ್ಮಲ್ಲಿ ಹೆಚ್ಚಾಗಿ ಕಂಡದ್ದು ಅದರ ಪಿಸಿಯ ಮಾದರಿಯಲ್ಲಿ ಕಟ್ಟಿದ ಯಂತ್ರಗಳು. ಅಂದಿನ ಡಿಸ್ಕಿಗೆ ಇಂದಿನಂತೆ ಸ್ವಂತ ಬುದ್ಧಿ ಇರಲಿಲ್ಲ. ಯಂತ್ರದೊಳಗೆ ಸಿಕ್ಕಿಸಿದ ಕಂಟ್ರೋಲರ್ ಕಾರ್ಡೇ ಅದರ ಮಿದುಳು. ಕಾರ್ಡಿನಿಂದ ಡಿಸ್ಕಿಗೆ ಎರಡು ಪಟ್ಟಿ ವೈರುಗಳು: 34 ಎಳೆಯದು ಅಪ್ಪಣೆಗೆ, 20 ಎಳೆಯದು ಅಕ್ಷರಗಳಿಗೆ. ನಮ್ಮದು ಸೀಗೇಟ್ ಎಸ್‌ಟಿ-225, 20 ಮೆಗಾಬೈಟಿನದು. ಅದರಲ್ಲಿ 615 ಸಿಲಿಂಡರು, 4 ಹೆಡ್ಡು. ಒಂದೊಂದು ಟ್ರ್ಯಾಕಿನಲ್ಲಿ 17 ಸೆಕ್ಟರು. ಒಂದು ಸೆಕ್ಟರಿನಲ್ಲಿ 512 ಬೈಟು. ತಟ್ಟೆ ನಿಮಿಷಕ್ಕೆ 3600 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 60 ಸುತ್ತು, ಒಂದು ಸುತ್ತಿಗೆ ಸುಮಾರು 17 ಮಿಲಿಸೆಕೆಂಡು.

ಈಗ ಪಂಕ್ತಿಗೆ ಬನ್ನಿ. ಎಲೆಯ ಮುಂದೆ ಕೂತಿದ್ದೀರಿ. ಬಡಿಸುವವರು ಒಬ್ಬರ ಹಿಂದೊಬ್ಬರು ಬರುತ್ತಾರೆ, ಯಾರೂ ನಿಲ್ಲುವುದಿಲ್ಲ. ಅನ್ನ ಹಾಕಿಸಿಕೊಂಡು ಗುಂಡಿ ಮಾಡುವಷ್ಟರಲ್ಲಿ ಸಾರಿನವರು ದಾಟಿಹೋದರು! ಇನ್ನು ಅವರು ಪಂಕ್ತಿಯೆಲ್ಲ ಸುತ್ತಿ ಬರುವ ತನಕ ಒಣ ಅನ್ನ ನೋಡುತ್ತಾ ಕೂರಬೇಕು. ಕಾರ್ಡಿನ ಪಾಡೂ ಇದೇ. ಒಂದನೆಯ ಸೆಕ್ಟರನ್ನು ಓದಿ, ತಪ್ಪಿದೆಯೇ ನೋಡಿ, ಕಂಪ್ಯೂಟರಿಗೆ ದಾಟಿಸುವುದರೊಳಗೆ ಎರಡನೆಯದು ಹೆಡ್ಡಿನ ಕೆಳಗಿನಿಂದ ಜಾರಿರುತ್ತದೆ. ಅದು ಮತ್ತೆ ಬರಲು ಪೂರ್ತಿ ಒಂದು ಸುತ್ತು. ಹೀಗೆ ಒಂದೇ ಟ್ರ್ಯಾಕು ಓದಲು 18 ಸುತ್ತು, 300 ಮಿಲಿಸೆಕೆಂಡು.

ಉಪಾಯವೇನು? ಸೆಕ್ಟರುಗಳಿಗೆ ನಂಬರು ಕೊಡುವಾಗಲೇ ನಡುವೆ ಜಾಗ ಬಿಡುವುದು. ಇದಕ್ಕೆ ಇಂಟರ್‌ಲೀವ್ ಎನ್ನುತ್ತಾರೆ. ಮೂರರ ಇಂಟರ್‌ಲೀವಿನಲ್ಲಿ ಟ್ರ್ಯಾಕಿನ ಸುತ್ತ ನಂಬರುಗಳು ಹೀಗೆ ಕೂರುತ್ತವೆ: 1, 7, 13, 2, 8, 14, 3, 9, 15... ಒಂದನ್ನು ಓದಿ, ಮುಂದಿನ ಎರಡು ದಾಟುವಾಗ ಕೈತೊಳೆದು ಸಿದ್ಧವಾದರೆ ಸರಿಯಾಗಿ 2 ಎದುರಿಗಿರುತ್ತದೆ. ಮೂರೇ ಸುತ್ತಿನಲ್ಲಿ ಟ್ರ್ಯಾಕು ಮುಗಿಯಿತು, 50 ಮಿಲಿಸೆಕೆಂಡು! ಡಿಸ್ಕಿನ 2460 ಟ್ರ್ಯಾಕುಗಳಿಗೆ ಲೆಕ್ಕ ಹಾಕಿದರೆ, ಹೆಡ್ಡು ಓಡಾಡುವ ಹೊತ್ತು ಬಿಟ್ಟು, ಮೊದಲನೆಯದಕ್ಕೆ 12 ನಿಮಿಷ, ಎರಡನೆಯದಕ್ಕೆ 2 ನಿಮಿಷ.

1983ರ ಐಬಿಎಂ ಎಕ್ಸ್‌ಟಿಯಲ್ಲಿ ಈ ಅಂಕಿ 6 ಇತ್ತು, 1984ರ ಎಟಿಯಲ್ಲಿ 3. ದಶಕದ ಕೊನೆಗೆ ವೆಸ್ಟರ್ನ್ ಡಿಜಿಟಲ್‌ನ 1006ರಂಥ ಕಾರ್ಡುಗಳು ಟ್ರ್ಯಾಕನ್ನೇ ತಮ್ಮ ಬಫರಿಗೆ ತುಂಬಿಕೊಂಡು 1ರಲ್ಲೇ ನಡೆದವು. ಆಗ ಸೆಕೆಂಡಿಗೆ 5,22,240 ಬೈಟು. ನಮ್ಮ ಡಿಸ್ಕನ್ನು "ಅಂಕಿ ಚಿಕ್ಕದಾದಷ್ಟೂ ವೇಗ" ಅಂದುಕೊಂಡು ಯಾರೋ ಹಳೆಯ ಕಾರ್ಡಿನಲ್ಲೇ 1 ಎಂದು ಫಾರ್ಮ್ಯಾಟ್ ಮಾಡಿದ್ದರು. ಅತಿ ಆಸೆ ಗತಿಗೇಡು! ಅಂಕಿ ಅಗತ್ಯಕ್ಕಿಂತ ಒಂದು ಹೆಚ್ಚಾದರೆ ಸ್ವಲ್ಪವೇ ನಷ್ಟ. ಒಂದು ಕಡಿಮೆಯಾದರೆ ಪೂರ್ತಿ ಮುಳುಗಿದಂತೆ. ಯಾವ ಕಾರ್ಡಿಗೆ ಯಾವುದು ಹೊಂದುತ್ತದೆ ಎಂಬುದು ಯಂತ್ರದ ವೇಗದ ಮೇಲೂ ನಿಂತಿದೆ. ಹಾಕಿ ನೋಡಿಯೇ ತಿಳಿಯಬೇಕು.

ಆದರೆ ಹುಷಾರು. ಇಂಟರ್‌ಲೀವ್ ಬದಲಿಸುವುದೆಂದರೆ ಲೋ-ಲೆವೆಲ್ ಫಾರ್ಮ್ಯಾಟ್. ಡಾಸ್‌ನ ಡಿಬಗ್ ಕರೆದು ಜಿ=ಸಿ800:5 ಎಂದು ಕೊಟ್ಟರೆ ಅನೇಕ ಎಕ್ಸ್‌ಟಿ ಕಾರ್ಡುಗಳು ತಮ್ಮೊಳಗಿನ ಫಾರ್ಮ್ಯಾಟ್ ಪ್ರೋಗ್ರಾಮನ್ನು ತೆರೆಯುತ್ತವೆ, ಅಂಕಿ ಕೇಳುತ್ತವೆ, ಡಿಸ್ಕಿನಲ್ಲಿದ್ದುದೆಲ್ಲ ಅಳಿಸುತ್ತವೆ. ಟ್ರ್ಯಾಕನ್ನು ಓದಿಟ್ಟುಕೊಂಡು ಮರಳಿ ಬರೆಯುವ ಸ್ಪಿನ್‌ರೈಟ್‌ನಂಥ ಪ್ರೋಗ್ರಾಮುಗಳೂ ಇವೆ. ಆದರೂ ಬೇರೆ ಪ್ರತಿ ಇಲ್ಲದೆ ಅದಕ್ಕೂ ಕೈಹಾಕಬಾರದು. "ಬೇರೆ ಒಳ್ಳೆಯ ಕಾರ್ಡು ಹಾಕಿದರಾಯ್ತಲ್ಲ" ಅನ್ನಬೇಡಿ. ಒಂದು ಕಾರ್ಡು ಬರೆದದ್ದನ್ನು ಇನ್ನೊಂದು ಮಾದರಿಯ ಕಾರ್ಡು ಓದದೆ ಹೋಗುವುದೇ ಹೆಚ್ಚು. ಡಿಸ್ಕೂ ಕಾರ್ಡೂ ಗಂಡ ಹೆಂಡಿರಿದ್ದಂತೆ, ಜೋಡಿ ಬಿಡಿಸಬಾರದು. ಇನ್ನು ಆರ್‌ಎಲ್‌ಎಲ್ ಕಾರ್ಡು ಟ್ರ್ಯಾಕಿಗೆ 26 ಸೆಕ್ಟರು ತುಂಬುತ್ತದೆ, ಜಾಗವೂ ವೇಗವೂ ಒಂದೂವರೆ ಪಟ್ಟು. ಅದಕ್ಕೆಂದೇ ಒಪ್ಪಿಸಿದ ಎಸ್‌ಟಿ-238ಆರ್ ಇತ್ತು. ಸಾದಾ 225ಕ್ಕೆ ಅದನ್ನು ಹಾಕಿದರೆ ಕೆಲವು ದಿನ ನಡೆದು, ಆಮೇಲೆ ಅಕ್ಷರ ನುಂಗಬಹುದು.

ನಾವು ಮಾಡಿದ್ದು ಇಷ್ಟು. ಮೊದಲು ತಾಳ್ಮೆಯಿಂದ, ಆ ಆಮೆ ವೇಗದಲ್ಲೇ, ಮೇಷ್ಟ್ರ ಫೈಲುಗಳನ್ನೆಲ್ಲ ಫ್ಲಾಪಿಗಳಿಗೆ ಇಳಿಸಿದೆವು. ಎರಡು ಪ್ರತಿ ಮಾಡಿದೆವು, ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿದೆವು. ಆಮೇಲೆ ಡಿಸ್ಕನ್ನು ಅರ್ಧ ಗಂಟೆ ಓಡಿಸಿ ಬಿಸಿಯಾಗಲು ಬಿಟ್ಟೆವು. ಸ್ಟೆಪ್ಪರ್ ಮೋಟಾರಿನ ಡಿಸ್ಕುಗಳಲ್ಲಿ ಬಿಸಿಗೆ ತಕ್ಕಂತೆ ಹೆಡ್ಡಿನ ಜಾಗ ತುಸು ಸರಿಯುತ್ತದೆ. ಯಂತ್ರ ಯಾವ ಭಂಗಿಯಲ್ಲಿ ಇರಬೇಕೋ ಅದೇ ಭಂಗಿಯಲ್ಲಿಟ್ಟು 3 ಎಂದು ಫಾರ್ಮ್ಯಾಟ್ ಮಾಡಿದೆವು. ಡಿಸ್ಕಿನ ಮೇಲಿನ ಚೀಟಿಯಲ್ಲಿದ್ದ ಕೆಟ್ಟ ಟ್ರ್ಯಾಕುಗಳ ಪಟ್ಟಿಯನ್ನೂ ಕೊಟ್ಟೆವು. ಕಾನ್ಫಿಗ್ ಫೈಲಿನಲ್ಲಿ ಬಫರ್ಸ್=20 ಎಂದು ಬರೆದೆವು. ವೇಗ ಸುಮಾರು ಐದು ಪಟ್ಟಾಯಿತು. ಯಂತ್ರವನ್ನು ಎತ್ತುವ ಮೊದಲು ಪಾರ್ಕ್ ಆಜ್ಞೆ ಕೊಡುವುದನ್ನೂ ಕಲಿತೆವು, ಏಕೆಂದರೆ ಈ ಡಿಸ್ಕು ತಾನಾಗಿ ಹೆಡ್ಡನ್ನು ಬದಿಗೆ ಸರಿಸುವುದಿಲ್ಲ.

ಇಂದು ಹಳೆಯ ಯಂತ್ರಕ್ಕೆ ಎಕ್ಸ್‌ಟಿ-ಐಡಿಇ ಕಾರ್ಡು ಹಾಕಿ, ಕ್ಯಾಮೆರಾದ ಕಾಂಪ್ಯಾಕ್ಟ್ ಫ್ಲ್ಯಾಶನ್ನೇ ಡಿಸ್ಕಾಗಿ ಬಳಸಬಹುದು. ತಿರುಗುವ ತಟ್ಟೆಯೇ ಇಲ್ಲ, ಕಾಯುವ ಮಾತೂ ಇಲ್ಲ. ದಿನದ ಬಳಕೆಗೆ ಅದೇ ಮೇಲು. ರಿಚಿ ಸ್ಟ್ರೀಟಿನಲ್ಲಿ ಅಲೆದರೆ ಕನೆಕ್ಟರು, ವೈರು ಸಿಗುತ್ತವೆ. ಮೇಷ್ಟ್ರ ಪದಗಳು ಸಿಗುವುದಿಲ್ಲ. ಫ್ಲಾಪಿಗಳು ಈಗ ಕೂಟದ ಬೀರುವಿನಲ್ಲಿವೆ. ಹಳೆಯ ಸಂಕೇತದಲ್ಲಿರುವ ಆ ಕನ್ನಡವನ್ನು ಯೂನಿಕೋಡಿಗೆ ತರಬೇಕು. ಬಿಡುವಿದ್ದವರು ಶನಿವಾರ ಮಧ್ಯಾಹ್ನ ಬನ್ನಿ, ಕೈ ಸಾಲದು.