ನಿಮಗಿದು ಗೊತ್ತೆ? ಒಗ್ಗರಣೆಗೂ ಬಗ್ಗದ ವಿಷ
ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುವುದು ನಮ್ಮ ಮನೆಗಳ ಒಳ್ಳೆಯ ರೂಢಿ. ಆದರೆ ಅಕ್ಕಿಯಲ್ಲಿ ಇರಬಹುದಾದ ‘ಬ್ಯಾಸಿಲಸ್ ಸೀರಿಯಸ್’ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಹೊರಗೇ ಇದ್ದರೆ ಅವು ಮೊಳೆತು, ಬೆಳೆದು, ವಿಷ ಉಂಟುಮಾಡಬಲ್ಲವು. ವಾಂತಿ ತರಿಸುವ ಈ ವಿಷ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 90 ನಿಮಿಷ ಕಾಯಿಸಿದರೂ ನಾಶವಾಗದು. ಒಗ್ಗರಣೆಯ ಬಿಸಿ ಅದಕ್ಕೆ ಯಾವ ಲೆಕ್ಕ? ಅನ್ನ ಹಳಸಿದ ವಾಸನೆ ಬಾರದೆಯೂ ಇರಬಹುದು. ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಮುಚ್ಚಿ ಫ್ರಿಜ್‌ನಲ್ಲಿಡಿ. ಮರುದಿನವೇ ಬಳಸಿ, ಒಮ್ಮೆ ಮಾತ್ರ ಚೆನ್ನಾಗಿ ಬಿಸಿ ಮಾಡಿ. ರಾತ್ರಿಯಿಡೀ ಹೊರಗೇ ಉಳಿದ ಅನ್ನವನ್ನು, ಚೆಲ್ಲಲು ಎಷ್ಟೇ ಸಂಕಟವಾದರೂ, ಮನೆಯ ಯಾರಿಗೂ ಬಡಿಸಬೇಡಿ.