ಬರೋಡಾ ತಂಡದ ಒಡೆಯರು

ಆಟವಾಡಿ ಹೊಟ್ಟೆ ಹೊರೆಯಬಹುದೆಂದು ನಮ್ಮ ಹಿರಿಯರು ನಂಬುತ್ತಿರಲಿಲ್ಲ. ಅಮೆರಿಕದಲ್ಲಾದರೋ 1869ರಷ್ಟು ಹಿಂದೆಯೇ ಸಿನ್ಸಿನಾಟಿ ನಗರದ ಬೇಸ್‌ಬಾಲ್ ತಂಡವು ತನ್ನ ಆಟಗಾರರೆಲ್ಲರಿಗೂ ಬಹಿರಂಗವಾಗಿ ಸಂಬಳ ಕೊಟ್ಟು ಆಡಿಸಿತು. ನಮ್ಮ ದೇಶದ ಕ್ರಿಕೆಟ್ಟಿನಲ್ಲಿ ಅಂಥ ಒಡೆತನ ವಹಿಸಿದವರಲ್ಲಿ ಅರಸರು ಮುಖ್ಯರು. ಅವರಲ್ಲೊಬ್ಬರು, ಗುಜರಾತಿನಲ್ಲಿ ನೆಲೆಸಿರುವ ನಮಗೆ ಹತ್ತಿರದವರು, ಬರೋಡಾದ ಮಹಾರಾಜ ಪ್ರತಾಪಸಿಂಹರಾವ್ ಗಾಯಕವಾಡರು.

1908ರಲ್ಲಿ ಹುಟ್ಟಿದ ಇವರು, ತಾತ ಮೂರನೆಯ ಸಯಾಜಿರಾಯರು 1939ರಲ್ಲಿ ತೀರಿಕೊಂಡಾಗ ಪಟ್ಟಕ್ಕೆ ಬಂದರು. ತಾತನಿಗೆ ಶಾಲೆ, ಪುಸ್ತಕಾಲಯಗಳ ಹಂಬಲವಿದ್ದರೆ ಮೊಮ್ಮಗನಿಗೆ ಕುದುರೆ, ಕ್ರಿಕೆಟ್ಟುಗಳ ಮೋಹ.

1939-40ರ ರಣಜಿ ಪಂದ್ಯದಲ್ಲಿ ಮಹಾರಾಷ್ಟ್ರದ ಪರವಾಗಿ ವಿಜಯ ಹಜಾರೆ ಪುಣೆಯಲ್ಲಿ ಔಟಾಗದೆ 316 ರನ್ ಹೊಡೆದರು. ಏಟು ತಿಂದವರು ಬರೋಡಾದವರೇ! ಕೆಲಕಾಲದಲ್ಲಿಯೇ ಬರೋಡಾ ಆ ದಾಂಡಿಗನನ್ನು ತನ್ನವನನ್ನಾಗಿ ಮಾಡಿಕೊಂಡಿತು. ಹಜಾರೆಯವರು ಸಾಂಗಲಿಯಲ್ಲಿ ಹುಟ್ಟಿದವರು. ಗಡಿಯ ಕನ್ನಡ ಸೀಮೆಯಾದ ಜತ್ತದ ರಾಜರು ಕರೆಸಿಕೊಂಡಿದ್ದ ಆಸ್ಟ್ರೇಲಿಯದ ಕ್ಲಾರೀ ಗ್ರಿಮೆಟ್ಟರಿಂದ ಪಾಠ ಕಲಿತವರು. ಬರೋಡಾದಲ್ಲಿ ಅವರಿಗೆ ಸಂಸ್ಥಾನದ ಸೈನ್ಯದಲ್ಲಿ ಅಧಿಕಾರಿಯ ಕೆಲಸ ದೊರೆಯಿತು. ಆಟದ ಕೂಲಿಯೆಂಬ ಹೆಸರಿಲ್ಲದೆ ಆಟಗಾರನ ಸಂಸಾರ ಸಾಗುವಂತೆ ಮಾಡುವ ಉಪಾಯವಿದು. ಲಾಹೋರಿನಿಂದ ಗುಲ್ ಮಹಮ್ಮದರೂ ಬಂದರು.

ಇಂದೂರಿನ ಹೋಳ್ಕರರೂ ಇದೇ ದಾರಿ ಹಿಡಿದಿದ್ದರು. ಅವರ ತಂಡದ ಬಲವೆಷ್ಟೆಂಬುದನ್ನು ನಮ್ಮ ಮೈಸೂರು ತಂಡವೇ ಅನುಭವಿಸಿತು. 1945-46ರ ಉಪಾಂತ್ಯ ಪಂದ್ಯದಲ್ಲಿ ಹೋಳ್ಕರ್ ತಂಡವು ಮೈಸೂರಿನ ವಿರುದ್ಧ 8 ಹುದ್ದರಿಗಳಿಗೆ 912 ರನ್ ಪೇರಿಸಿತು. ಆರು ಮಂದಿ ಶತಕ ಬಾರಿಸಿದರು. ಅಂತಿಮ ಪಂದ್ಯದಲ್ಲಿ ಬರೋಡಾವೂ ಅವರಿಗೆ ಸೋತಿತು.

ಮರುವರ್ಷ, 1947ರ ಮಾರ್ಚಿಯಲ್ಲಿ, ಅದೇ ಎರಡು ತಂಡಗಳು ಬರೋಡಾದಲ್ಲಿ ಮತ್ತೆ ಎದುರಾದವು. 91 ರನ್ನಿಗೆ ಮೂರು ಹುದ್ದರಿ ಬಿದ್ದ ಮೇಲೆ ಹಜಾರೆ, ಗುಲ್ ಮಹಮ್ಮದ್ ಜೊತೆಗೂಡಿ 577 ರನ್ ಸೇರಿಸಿದರು! ಗುಲ್ 319, ಹಜಾರೆ 288. ಬರೋಡಾ ಒಂದು ಇನಿಂಗ್ಸ್ ಹಾಗೂ 409 ರನ್ನುಗಳಿಂದ ಗೆದ್ದಿತು. ಯಾವುದೇ ಹುದ್ದರಿಗೆ ಬಂದ ಅತಿ ದೊಡ್ಡ ಜೊತೆಯಾಟವೆಂಬ ಆ ವಿಶ್ವದಾಖಲೆಯು 2006ರವರೆಗೂ ಅಳಿಯಲಿಲ್ಲ.

ಆದರೆ ಹಣ ಯಾರದು? ರೈತರ ಕಂದಾಯದಿಂದಲೇ ಸಂಸ್ಥಾನದ ಬೊಕ್ಕಸ ತುಂಬಬೇಕಷ್ಟೆ. ಅಂಥ ಸಂಸ್ಥಾನದ ದೊರೆಯಾಗಿ ಮಹಾರಾಜರು 1945ರಲ್ಲಿ ಇಂಗ್ಲೆಂಡಿನಲ್ಲಿ ಒಂದೇ ಕುದುರೆಮರಿಗೆ 28,000 ಗಿನಿ ತೆತ್ತರು. 1949ರಲ್ಲಿ ಬರೋಡಾ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1951ರಲ್ಲಿ ಭಾರತ ಸರ್ಕಾರ ಅವರ ಪದವಿಯನ್ನೇ ಕಿತ್ತುಕೊಂಡಿತು. 1968ರಲ್ಲಿ ಅವರು ಲಂಡನ್ನಿನಲ್ಲಿ ತೀರಿಕೊಂಡರು. ತಾತನ ಹೆಸರಿನ ವಿಶ್ವವಿದ್ಯಾನಿಲಯವನ್ನು 1949ರಲ್ಲಿ ಸ್ಥಾಪಿಸಿದವರೂ ಅವರೇ ಎಂಬುದನ್ನು ಮರೆಯಲಾಗದು. ದುಂದು, ದಾನ ಎರಡನ್ನೂ ಲೆಕ್ಕಕ್ಕೆ ಹಿಡಿಯುವುದೇ ನ್ಯಾಯ.

ಅರಸೊತ್ತಿಗೆಯೊಡನೆ ತಂಡ ಅಳಿಯಲಿಲ್ಲ. 1949-50ರಲ್ಲಿಯೂ 1957-58ರಲ್ಲಿಯೂ ಬರೋಡಾ ರಣಜಿ ಕಪ್ ಗೆದ್ದಿತು. ಮಗ ಫತೇಸಿಂಹರಾಯರು ತಾವೇ ಆಡಿ, ಮುಂದೆ 1963ರಿಂದ 1966ರವರೆಗೆ ಭಾರತದ ಕ್ರಿಕೆಟ್ ಮಂಡಲಿಯ ಅಧ್ಯಕ್ಷರಾದರು. ಗುಲ್ ಮಹಮ್ಮದರು ಪಾಕಿಸ್ತಾನಕ್ಕೆ ಹೋಗಿ 1956ರಲ್ಲಿ ಆ ದೇಶದ ಪರ ಆಡಿದರು. ಹಜಾರೆಯವರ ನಾಯಕತ್ವದಲ್ಲಿ 1952ರಲ್ಲಿ ಮದರಾಸಿನಲ್ಲಿ ಭಾರತ ತನ್ನ ಮೊದಲ ಟೆಸ್ಟ್ ಗೆಲುವನ್ನು ಕಂಡಿತು.

ಕರೆತಂದ ದೊರೆಯ ಗದ್ದುಗೆ ಹೋದ ಮೇಲೂ ಹಜಾರೆಯವರು ಬರೋಡಾದ ನಂಟನ್ನು ಬಿಡಲಿಲ್ಲ; 2004ರಲ್ಲಿ ವಡೋದರದಲ್ಲಿಯೇ ಕಣ್ಣು ಮುಚ್ಚಿದರು. ಕೆಲಸಕ್ಕೆಂದು ಬಂದ ಊರು ಹೇಗೆ ಸ್ವಂತ ಊರಾಗುತ್ತದೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.